ಚಿಗರಿಯ ಪಾಲು

ಏಪ್ರಿಲ್ ಹನ್ನೆರಡರ ಬೆಳಿಗ್ಗೆ ಕಾಗವಾಡ ಠಾಣೆಗೆ ದೂರು ಬಂದಾಗ ಪಿಎಸ್‌ಐ ಸಾರಿಕಾ ಇನ್ನೂ ಚಹಾ ಕುಡಿದಿರಲಿಲ್ಲ. ದೂರು ತಂದವನು ಅರಣ್ಯ ಇಲಾಖೆಯ ಗಾರ್ಡ್ ರೂಪೇಶ. ಮಂಗಸೂಳಿ ಆಚೆಯ ಮೀಸಲು ಕುರುಚಲು ಕಾಡಿನಲ್ಲಿ ನಾಲ್ಕು ಕೃಷ್ಣಮೃಗಗಳು ಸತ್ತು ಬಿದ್ದಿದ್ದವು. ಊರಿನವರ ಬಾಯಲ್ಲಿ ಅವು ಚಿಗರಿ. ಅವುಗಳಲ್ಲಿ ಒಂದು ಗಬ್ಬದ್ದು.

"ಗುಂಡಿನ ಗಾಯ?"

"ಇಲ್ರಿ ಮೇಡಂ. ಉರುಲೂ ಇಲ್ಲ. ಬಾಯಾಗ ನೊರಿ ಬಂದೈತಿ. ಒಂದ ಕಡೆ ತಂತಿ ಬೇಲಿ ಕತ್ತರಿಸ್ಯಾರ."

"ನೀ ಎಲ್ಲಿದ್ದಿ?"

"ಅಷ್ಟೂ ಕಾಡಿಗೆ ನಾ ಒಬ್ಬನ ಅದೀನ್ರಿ."

ಎಫ್‌ಐಆರ್ ದಾಖಲಾಯಿತು. ಯಾರೋ ನೀರಿನ ತೊಟ್ಟಿಗೆ ವಿಷ ಹಾಕಿರಬೇಕು ಎಂಬುದು ಮೊದಲ ಅನುಮಾನ. ಸಾರಿಕಾಗೆ ಸತ್ತವುಗಳಿಗಿಂತ ಬದುಕಿರುವವುಗಳ ಚಿಂತೆ ಹತ್ತಿತು. ಉಳಿದ ಹಿಂಡು ಬಿಸಿಲು ಇಳಿಯುತ್ತಲೇ ಮೇಯಲು ಹೊರಡುತ್ತದೆ. ಅಷ್ಟರೊಳಗೆ ಕಾರಣ ಸಿಗದಿದ್ದರೆ ನಾಳೆ ಎಷ್ಟು ಹೆಣಗಳ ಪಂಚನಾಮೆ ಬರೆಯಬೇಕೋ ಯಾರಿಗೆ ಗೊತ್ತು.

ಸ್ಥಳದಲ್ಲಿ ಹೆಡ್ ಕಾನ್‌ಸ್ಟೆಬಲ್ ದಾದಾಸಾಹೇಬ ತೊಟ್ಟಿಯ ನೀರನ್ನು ಬಾಟಲಿಗೆ ತುಂಬಿ, ಉಳಿದದ್ದನ್ನು ಚೆಲ್ಲಿಸಿದ. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಅವನು ಹಿಡಿಯದೆ ಬಿಟ್ಟ ಕಳ್ಳರೆಲ್ಲ ಮಹಾರಾಷ್ಟ್ರದ ಕಡೆಯವರೇ.

"ಗಡಿ ಆಚೆಯಿಂದ ಬೇಟೆಯವರು ಬಂದಾರ, ಮೇಡಂ. ಪಕ್ಕಾ."

"ಬೇಟೆಗೆ ಬಂದವ್ರು ಮಾಂಸ ಇಲ್ಲೇ ಬಿಟ್ಟ ಹೋಗ್ತಾರೇನು, ದಾದಾ?"

ದಾದಾಸಾಹೇಬ ಬಾಟಲಿಗೆ ಅರಗು ಹಚ್ಚುವುದರಲ್ಲಿ ಮಗ್ನನಾದ.

ಮರಣೋತ್ತರ ಪರೀಕ್ಷೆ ಅಲ್ಲೇ ಬೇವಿನ ನೆರಳಿನಲ್ಲಿ ನಡೆಯಿತು. ಪಶುವೈದ್ಯರು ಗಬ್ಬದ ಚಿಗರಿಯ ಹೊಟ್ಟೆ ಸೀಳಿದಾಗ ಹುಳಿ ವಾಸನೆ ಮೂಗಿಗೆ ಅಡರಿತು. ಸಾರಿಕಾ ಮುಖ ತಿರುಗಿಸಿದಳು. ಒಳಗಿದ್ದ ಮರಿಯನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ.

"ವಿಷ ಅನ್ಸೂದಿಲ್ಲ," ಅಂದರು ವೈದ್ಯರು. "ಹೊಟ್ಟಿ ತುಂಬ ಜ್ವಾಳದ ನುಚ್ಚ ಐತಿ. ಇದು ಹುಲ್ಲ ತಿನ್ನೂ ಹೊಟ್ಟಿ. ಹಸದದ್ದು ಒಮ್ಮೆಲೆ ಇಷ್ಟ ಕಾಳ ತಿಂದ್ರ ಒಳಗೆಲ್ಲಾ ಹುಳಿ ಆಗಿ ಸಾಯ್ತಾವ. ದನ ಕಟ್ಟಿದವ್ರಿಗೆಲ್ಲಾ ಇದು ಗೊತ್ತಿರ್ತೈತಿ."

ಹಾಗಾದರೆ ಇದು ದನ ಕಟ್ಟದವರ ಕೆಲಸ. ಬೇಲಿ ಕತ್ತರಿಸಿದ ಜಾಗದಲ್ಲಿ ಗೊರಸಿನ ಗುರುತುಗಳ ನಡುವೆ ನುಚ್ಚು ಉಳಿದಿತ್ತು. ಸಾರಿಕಾ ಅಂಗೈಯಲ್ಲಿ ಹಾಕಿಕೊಂಡು ನೋಡಿದಳು. ಹೊಟ್ಟಿಲ್ಲ, ಹರಳಿಲ್ಲ, ಧೂಳಿಲ್ಲ. ಮನೆಯ ಅಡಿಗೆಗೂ ಇಷ್ಟು ಹಸನು ಮಾಡುವವರು ಕಡಿಮೆ. ಪ್ರಾಣಿ ಕೊಲ್ಲಲು ಹೊರಟವನು ಕಾಳು ಆರಿಸುತ್ತಾ ಕೂರುತ್ತಾನೆಯೇ? ಅವಳು ಜೀಪು ಹತ್ತಿದಳು.

ಎರಡು ಗಿರಣಿಗಳಲ್ಲಿ ಏನೂ ಸಿಗಲಿಲ್ಲ. ಶೇಡಬಾಳದ ಗಿರಣಿಯಲ್ಲಿ ತುಕಾರಾಮ ಬೆಲ್ಟ್ ನಿಲ್ಲಿಸಿ ಎದ್ದು ಬಂದ.

"ಚೀಲಗಟ್ಟಲೆ ನುಚ್ಚ ಹೊಡಿಸಿದವ್ರು ಯಾರು?"

"ಶ್ರೀಪಾಲಣ್ಣಾರು, ಕಿರಾಣಿ ಅಂಗಡಿಯವರು. ಮೊದಲ ಗಿರಣಿ ಝಾಡಿಸು, ಹಿಟ್ಟಿನ್ಯಾಗ ಹುಳ ಇರ್ತಾವ, ಪಾಪ ಸಾಯ್ತಾವ ಅಂದ್ರು. ನಿಂತ ಝಾಡಿಸಿಕೊಂಡ್ರು ನೋಡ್ರಿ."

ದಾದಾಸಾಹೇಬನಿಗೆ ನಂಬಿಕೆ ಬರಲಿಲ್ಲ. "ಆ ಮನಷ್ಯಾ ನೀರ ಸೋಸದ ಕುಡಿಯೂದಿಲ್ರಿ. ಅವ್ರು ಕೊಲ್ತಾರ?"

ಶ್ರೀಪಾಲ ಅಂಗಡಿಯ ಗಾದಿಯ ಮೇಲೆ ಕೂತಿದ್ದರು. ಅರವತ್ತು ದಾಟಿದ ಸಪೂರ ಜೀವ. ಪೊಲೀಸರನ್ನು ನೋಡಿ ಎದ್ದು ನೀರು ತರಿಸಿದರು. ಸಾರಿಕಾ ಲೋಟ ಮುಟ್ಟಲಿಲ್ಲ.

"ಬೇಲಿ ಕತ್ತರಿಸಿದವ್ರು ನೀವ?"

"ಹೌದ್ರಿ."

"ಯಾಕ?"

"ಕಾಡಿಗೆ ಹತ್ತೇ ನಮ್ಮ ಹೊಲ ಐತ್ರಿ. ಅಪ್ಪಾರು ಇರೂತನಕ ಬದುವಿನ ಜ್ವಾಳದ ಪಟ್ಟಿ ಕೊಯ್ಯಸ್ತಿದ್ದಿಲ್ಲ. ಅದು ಚಿಗರಿ ಪಾಲು. ಈಗ ಹೊಲಾ ಬ್ಯಾರೆಯವ್ರಿಗೆ ಲಾವಣಿಗೆ ಕೊಟ್ಟೇನಿ, ಅವ್ರು ಕಬ್ಬು ಹಚ್ಯಾರ. ಇಲಾಖೆಯವ್ರು ಬೇಲಿ ಹಾಕ್ಯಾರ. ಚಿಗರಿ ಪಾಲು ನಾ ತಿಂದಂಗಾತು. ಅದಕ್ಕ ಮೊನ್ನೆ ಆರಿಸಿ, ಹಸನ ಮಾಡಿ, ಅಗಿಯಾಕ ತ್ರಾಸ ಆಗಬಾರದಂತ ನುಚ್ಚ ಹೊಡಿಸಿ ಹಾಕಿ ಬಂದೆ."

ದಂಟಿನ ಸಮೇತ ಎಸೆದಿದ್ದರೆ ಬದುಕುತ್ತಿದ್ದವು. ಇವರು ಒಳ್ಳೆಯದನ್ನೇ ಕೊಡಬೇಕೆಂದು ಕೊಂದಿದ್ದರು. ಸಾರಿಕಾಗೆ ಸಿಟ್ಟು ಬಂದಿತ್ತು, ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ.

"ನಾಕ ಚಿಗರಿ ಸತ್ತಾವ, ಗೊತ್ತೈತಿ?"

"ಮುಂಜಾನೆ ಕೇಳಿದೆ. ಹಸದ ಸತ್ತಾವಂತ ಭಾಳ ಸಂಕಟ ಆತ್ರಿ. ಅದಕ್ಕ ಇವತ್ತ ಡಬಲ್ ಹಾಕೀನಿ. ನೀವು ಈ ಕಡೆ ಇದ್ರಿ, ನಾ ಆಚೆ ಕೆರಿ ಬಾಜು ಬೇಲಿ ಬಿಚ್ಚಿ ಸುರವಿ ಬಂದೆ."

ಸಾರಿಕಾ ಹೊರಗೆ ನೋಡಿದಳು. ಬಿಸಿಲು ಆಗಲೇ ಇಳಿಯುತ್ತಿತ್ತು. ಚಿಗರಿಗಳು ಸತ್ತದ್ದು ಆ ನುಚ್ಚಿನಿಂದಲೇ ಎಂದು ಅವಳು ಹೇಳುವಷ್ಟರಲ್ಲಿ ಶ್ರೀಪಾಲ ಚಪ್ಪಲಿಯನ್ನೂ ಹಾಕದೆ ಜೀಪಿನ ಕಡೆ ನಡೆದರು. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದಾಗ, ಯಾರ ಮೇಲೂ ಕೂಗಾಡದ ಸಾರಿಕಾ ಕೆಳಗಿಳಿದು ಬೈದಳು. ಹಿಂದೆ ಕೂತಿದ್ದ ಶ್ರೀಪಾಲ ಕಣ್ಣು ಮುಚ್ಚಿ ಜೈನರ ಣಮೋಕಾರ ಮಂತ್ರ ಹೇಳುತ್ತಿದ್ದರು. ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ.

ಕೆರೆಯ ಬದಿಯಲ್ಲಿ ನುಚ್ಚಿನ ರಾಶಿ ಹಾಗೇ ಇತ್ತು. ಹಿಂಡು ದೂರದ ಜಾಲಿ ಗಿಡಗಳ ನಡುವೆ ನಿಂತು ಇತ್ತಲೇ ನೋಡುತ್ತಿತ್ತು. ಕಾಡಿನಲ್ಲೇ ಉಳಿದಿದ್ದ ರೂಪೇಶನೂ ದಾದಾಸಾಹೇಬನೂ ಅದನ್ನು ಚೀಲಕ್ಕೆ ತುಂಬಿದರು. ಸಾರಿಕಾ ಟೋಪಿ ತೆಗೆದಿಟ್ಟು ಮೊಣಕಾಲೂರಿದಳು. ಶ್ರೀಪಾಲ ಮಣ್ಣಿನಲ್ಲಿ ಕೂತು ನುಚ್ಚಿನ ಒಂದೊಂದೇ ಚೂರನ್ನು ಬೆರಳಿನಿಂದ ಆರಿಸಿದರು. ಸಾಕು ಅಂದರೂ ಕೇಳಲಿಲ್ಲ.

ನುಚ್ಚು ಜಪ್ತಿಯಾಯಿತು. ಮೀಸಲು ಪ್ರದೇಶಕ್ಕೆ ಅಕ್ರಮ ಪ್ರವೇಶ, ಬೇಲಿ ನಾಶ, ವನ್ಯಪ್ರಾಣಿಗಳ ಸಾವಿಗೆ ಕಾರಣ ಎಂದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಲ್ಲೇ ಬಂಧನವಾಯಿತು. ಶ್ರೀಪಾಲ ಸಹಿ ಹಾಕಿ ತಾವೇ ಜೀಪು ಹತ್ತಿದರು.

ಮನುಷ್ಯರು ದೂರ ಸರಿದದ್ದೇ ಹಿಂಡು ಇಳಿದು ಬಂತು. ರಾಶಿ ಇದ್ದ ಜಾಗದ ಮಣ್ಣು ಮೂಸಿತು. ಬೇಲಿಯೊಳಗಿನ ನೆಲ ಕಣ್ಣು ಹಾಯುವವರೆಗೂ ಬೋಳು. ಬೇಲಿಗೆ ದುಡ್ಡು ಬಂದಿತ್ತು, ಹುಲ್ಲು ಬೆಳೆಸಲು ಇನ್ನೂ ಬಂದಿಲ್ಲ ಎಂದು ರೂಪೇಶ ಮೆಲ್ಲಗೆ ಹೇಳಿದ. ಚಿಗರಿಗಳು ಸ್ವಲ್ಪ ಹೊತ್ತು ಅಲ್ಲೇ ಸುತ್ತಾಡಿ, ಬಂದ ದಾರಿಯಲ್ಲೇ ತಿರುಗಿ ಹೋದವು.

"ಮೇಡಂ," ಅಂದರು ಶ್ರೀಪಾಲ, "ಇವತ್ತ ಅವು ಏನ ತಿಂತಾವ್ರಿ?"

ಸಾರಿಕಾ ಬಾಗಿಲು ಹಾಕಿ, ಜೀಪು ಬಿಡಲು ಹೇಳಿದಳು.