ಮುಚ್ಚಳದ ಮೇಲೆ ಬರೆದದ್ದು

ಟಿಕ್.

ತಟ್ಟೆಯ ಮೇಲೆ ಮುಚ್ಚಳ ಕೂತ ಸದ್ದು. ರಾತ್ರಿ ಹನ್ನೊಂದೂವರೆಗೆ ಕೋಶ ಬೆಳೆಸುವ ಕೋಣೆಯಲ್ಲಿ ಯಾರೂ ಇರಬಾರದಿತ್ತು...

ಅಮ್ಮನ ಅಂತ್ಯಕ್ರಿಯೆ ಮುಗಿಸಿ ಬಸ್ಸಿಳಿದವಳು ಮನೆಗೂ ಹೋಗದೆ ನೇರ ಪ್ರಯೋಗಾಲಯಕ್ಕೆ ಬಂದಿದ್ದಳು. ಹೆಗಲ ಚೀಲ ಇನ್ನೂ ಹೆಗಲಲ್ಲೇ ಇತ್ತು.

ಗಾಜಿನಾಚೆ ಅವನಿದ್ದ. ಪಕ್ಕದ ಸೂಕ್ಷ್ಮದರ್ಶಕದ ಕೋಣೆಯವನು. ಬಾಯಿ ಬಿಡುವುದೇ ಅಪರೂಪವೆಂದು ಎಲ್ಲರೂ ಅವನಿಗೆ ಇಟ್ಟ ಹೆಸರು 'ಬೀಗ'. ಅವನ ಕೈಯಲ್ಲಿ ಅವಳ ತಟ್ಟೆ!

ಅದರಲ್ಲಿದ್ದದ್ದು ಅಮ್ಮ ಕೊಟ್ಟ ರಕ್ತದಿಂದ ಮಾಡಿದ ಕಾಂಡಕೋಶಗಳು. ಇನ್ನೂ ಏನೂ ಆಗದ, ಏನು ಬೇಕಾದರೂ ಆಗಬಲ್ಲ ಕೋಶಗಳು. ದಿನ ತಪ್ಪದೆ ಸರಿಯಾದ ಪೋಷಕದ್ರವ ಕೊಟ್ಟರೆ ಹೃದಯದ ಕೋಶಗಳಾಗಿ ಮಿಡಿಯುತ್ತವೆ. ಅಮ್ಮನ ಹೃದಯ ನಿಂತಾಗಿತ್ತು. ಈ ಮಿಡಿತವನ್ನಾದರೂ ಒಮ್ಮೆ ನೋಡಬೇಕಿತ್ತು ಅವಳಿಗೆ.

ತಡವಾದರೆ ಕೆಲಸ ಬೇರೆಯವರಿಗೆ ಕೊಡುತ್ತೇನೆ ಎಂದು ಮುಖ್ಯಸ್ಥೆ ಮೇಡಂ ಹಿಂದೊಮ್ಮೆ ಎಚ್ಚರಿಸಿದ್ದರು. ಹಾಗಾದರೆ... ಇವನಿಗೇ ಕೊಟ್ಟರೇ? ಬಾಗಿಲು ತಳ್ಳಿ ಒಳನುಗ್ಗಿದಳು.

"ಸತ್ತಿದ್ದು ನಮ್ಮಮ್ಮ, ನಾನಲ್ಲ. ಇಷ್ಟು ಬೇಗ ನನ್ನ ಕೆಲಸ ಹಂಚಿಕೊಂಡ್ರಾ?"

ಅವನು ತಟ್ಟೆ ಕೆಳಗಿಟ್ಟ. ಮಾತು ತಡೆತಡೆದು ಬಂತು. ಆಸ್ಪತ್ರೆಯಿಂದ ಫೋನ್ ಬಂದ ಸಂಜೆ ಅವಳು ಯಾರಿಗೂ ಹೇಳದೆ ಓಡಿದ್ದಳು. ಹಾಗೇ ಬಿಟ್ಟರೆ ಕೋಶಗಳು ಉಳಿಯುವುದಿಲ್ಲವೆಂದು, ಅವಳ ನೋಟ್‌ಪುಸ್ತಕ ಓದಿಕೊಂಡು ನಾಲ್ಕು ರಾತ್ರಿ ತಾನೇ ಪೋಷಕದ್ರವ ಬದಲಿಸಿದ್ದ. 'ಹೃದಯ' ಎಂದು ಬರೆದ ತಟ್ಟೆಗೆ ಹೃದಯದ್ದು, ಕಾಂಡಕೋಶಗಳಾಗಿಯೇ ಉಳಿಯಬೇಕಿದ್ದ, 'ಮೂಲ' ಎಂದು ಬರೆದ ಇನ್ನೊಂದು ತಟ್ಟೆಗೆ ಮಾಮೂಲಿನದು.

"ಇವತ್ತು ಬಣ್ಣ ಹಾಕಿ ನೋಡಿದೆ. ಎರಡರಲ್ಲೂ ಹೃದಯ ಇಲ್ಲ."

ಅವಳು ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಪರದೆಯತ್ತ ಬಾಗಿದಳು. ಎಲ್ಲ ಕೋಶದಲ್ಲೂ ಇರುವುದು ಅದೇ ಡಿಎನ್‌ಎ ಎಳೆ. ಹೃದಯವಾಗುವ ಕೋಶ ತನಗೆ ಬೇಕಾದ ಭಾಗಗಳನ್ನು ಬಿಚ್ಚಿಟ್ಟುಕೊಂಡು, ಬೇಡವಾದದ್ದನ್ನು ಒತ್ತಾಗಿ ಸುತ್ತಿ ಮುಚ್ಚಿಡುತ್ತದೆ. ಸುತ್ತಿದ ಕಡೆ ಬಣ್ಣ ಗಾಢ. ಇಲ್ಲಿ ಎಲ್ಲವೂ ಅರೆಬರೆ... ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಬಹುಪಾಲು ಸತ್ತೂ ಹೋಗಿದ್ದವು.

"ನಾನೇ ಕೊಂದೆ. ನಾಳೆ ಮೇಡಂಗೆ ಹೇಳ್ತೀನಿ."

ಒಬ್ಬರ ಕೋಶಗಳನ್ನು ಇನ್ನೊಬ್ಬರು ಕೇಳದೆ ಮುಟ್ಟಿದರೆ ಕೆಲಸ ಹೋಗುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು.

ಅವಳು ತಟ್ಟೆಯನ್ನು ಮೇಲೆತ್ತಿ ತಳ ನೋಡಿದಳು. ಖಾಲಿ. ಹೆಸರು ತಳದ ಮೇಲೆ ಬರೆಯಬೇಕು, ಮುಚ್ಚಳ ಅದಲುಬದಲಾಗುತ್ತದೆ... ಮೊದಲ ದಿನವೇ ಕಲಿಸುವ ಪಾಠ. ಅಂದು ಎರಡೂ ಮುಚ್ಚಳ ತೆಗೆದಿಟ್ಟಾಗಲೇ ಫೋನ್ ಬಂದಿತ್ತು. ಅವಸರದಲ್ಲಿ ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಮುಚ್ಚಿದ್ದಳು. ನಾಲ್ಕು ರಾತ್ರಿಯೂ ಒಂದರ ದ್ರವ ಇನ್ನೊಂದಕ್ಕೆ ಹೋಗಿತ್ತು.

"ನೀವಲ್ಲ... ನಾನು."

ನಾಲ್ಕು ದಿನದಲ್ಲಿ ಮೊದಲ ಬಾರಿ ಅವಳು ಅತ್ತಳು. ಅವನು ಮುಟ್ಟಲಿಲ್ಲ. ಸ್ಟೂಲನ್ನು ಅವಳ ಹಿಂದಕ್ಕೆ ಎಳೆದು ತಂದಿಟ್ಟ. ಹೆಪ್ಪುಗಟ್ಟಿಸಿಟ್ಟ ಅಮ್ಮನ ಕೋಶಗಳ ಒಂದು ಟ್ಯೂಬ್ ಇನ್ನೂ ಉಳಿದಿದೆ ಎಂದ. ಮತ್ತೆ ಮೊದಲಿನಿಂದ ಶುರು ಮಾಡಬಹುದು, ರಾತ್ರಿಗಳನ್ನು ತಾನು ನೋಡಿಕೊಳ್ಳುತ್ತೇನೆ ಎಂದ.

"ಯಾಕೆ?"

"ಎರಡು ವರ್ಷದಿಂದ ಒಂದು ಮಾತನ್ನ ಸುತ್ತಿ ಸುತ್ತಿ ಒಳಗಿಟ್ಕೊಂಡಿದ್ದೀನಿ. ಬಿಚ್ಚೋಕೆ ಇದು ಹೊತ್ತಲ್ಲ."

"ಹೇಳಿ."

"ನೀವಂದ್ರೆ ತುಂಬ ಇಷ್ಟ."

ಅವಳು ಸ್ಟೂಲಿನ ಮೇಲೆ ಕೂತು ಹೆಗಲ ಚೀಲ ಇಳಿಸಿಟ್ಟಳು.

"ಆಸ್ಪತ್ರೆಯಲ್ಲಿ ಅಮ್ಮಂಗೆ ನಿಮ್ಮ ಅಡ್ಡಹೆಸರು ಹೇಳಿದ್ದೆ. 'ಮದುವೆಗೆ ಮುಂಚೆನೇ ಬೀಗರಾ?' ಅಂತ ನಕ್ಕಿದ್ಲು. ಅದೇ ಕೊನೆ ಸಲ ನಕ್ಕಿದ್ದು."

"ನೀವೇನಂದ್ರಿ?"

"ಇಲ್ಲ ಅನ್ನಲಿಲ್ಲ."

ಎಸೆಯುವ ಮೊದಲು ಇಬ್ಬರೂ ಸೇರಿ ತಟ್ಟೆಗಳಿಗೆ ಬ್ಲೀಚ್ ಸುರಿದರು. ಗುಲಾಬಿ ಪೋಷಕದ್ರವ ನೋಡನೋಡುತ್ತ ಬಣ್ಣಗೆಟ್ಟು ನೀರಿನಂತಾಯಿತು.

ಮುಚ್ಚಳ ತಪ್ಪಾಗಿ ಮುಚ್ಚಿದ್ದು ನಾನೇ ಎಂದು ನಾಳೆ ಮೇಡಂಗೆ ಹೇಳಬೇಕು. ಅದು ನಿಜವೇ. ಅವನ ಆ ನಾಲ್ಕು ರಾತ್ರಿಗಳ ಸುದ್ದಿಯನ್ನು ಮಾತ್ರ ಯಾರ ಮುಂದೆಯೂ ಬಿಚ್ಚುವುದಿಲ್ಲ ಎಂದುಕೊಂಡಳು.