ತೊಟ್ಟಿಲಗುಡ್ಡದ ಮೆರವಣಿಗೆ

ಮನುಕುಲದ ಏಳುಬೀಳಿನಲ್ಲಿ ಗೊರಸಿನೊಳಗಿನ ಕಲ್ಲುಮಣ್ಣು ಕೆರೆದು ತೆಗೆಯುವ ಕೊಕ್ಕೆಯ ಪಾತ್ರ ದೊಡ್ಡದು. ರಾಜ್ಯಗಳು ಎದ್ದದ್ದು ಕುದುರೆಯಿಂದ, ಕುದುರೆ ನಿಂತದ್ದು ಗೊರಸಿನ ಮೇಲೆ, ಗೊರಸು ಉಳಿದದ್ದು ಗೇಣುದ್ದದ ಈ ಕಬ್ಬಿಣದ ಡೊಂಕಿನಿಂದ. ವೀರಗಲ್ಲುಗಳ ಮೇಲೆ ಕುದುರೆಗಳಿವೆ, ಕತ್ತಿ ಎತ್ತಿದವರಿದ್ದಾರೆ. ಕೊಕ್ಕೆ ಹಿಡಿದು ಬಗ್ಗಿ ಕೂತವನನ್ನು ಮಾತ್ರ ಯಾವ ಶಿಲ್ಪಿಯೂ ಕೆತ್ತಿದಂತಿಲ್ಲ.

ಇಂಥ ಘನವಾದ ವಸ್ತುವನ್ನು, ಕಾರ್ತಿಕದ ಒಂದು ಬೆಳಿಗ್ಗೆ, ಕೂಡ್ಲಿಗಿ ಸೀಮೆಯ ತೊಟ್ಟಿಲಗುಡ್ಡದ ಬುಡದಲ್ಲಿ ನಿಂತಿದ್ದ ಜೀಪಿನೊಳಗೆ, ಹರಪನಹಳ್ಳಿಯ ಫೋಟೋಗ್ರಾಫರ್ ಅರುಣಕುಮಾರ್ ಚೀಲದಿಂದ ತೆಗೆದು ಸೀಟಿನ ಕೆಳಕ್ಕೆ ಎಸೆದ. ಅವನ ಡ್ರೋನಿನ ಬ್ಯಾಟರಿಗೆ ಜಾಗ ಬೇಕಾಗಿತ್ತು. ಎಸೆದದ್ದನ್ನು ಯಾರೂ ನೋಡಲಿಲ್ಲ.

ಚೀಲ ಪುಷ್ಪಲತಾಳದು. ಕಳೆದುಹೋಗಿದ್ದ ಕುದುರೆಯೂ ಅವಳದೇ.

ಕುದುರೆಯ ಹೆಸರು ಹೂವಿ. ಹಡಗಲಿ ಕಡೆಯಿಂದ ತಂದ ಬಿಳಿ ಹೆಣ್ಣುಕುದುರೆ. ಪುಷ್ಪಲತಾಳ ಗಂಡ, ಕೊಟ್ಟೂರಿನ ಸೋಮಶೇಖರ್, ಅದನ್ನು ಮದುವೆ ಮೆರವಣಿಗೆಗೆ ಪಳಗಿಸಿದ್ದ. ಹೂವಿಯ ಬೆನ್ನೇರದವನು ಅರೆ ಮದುಮಗ ಎಂಬ ಮಾತು ಹಗರಿಬೊಮ್ಮನಹಳ್ಳಿವರೆಗೂ ಹಬ್ಬಿತ್ತು, ಹಬ್ಬಿಸಿದವನೂ ಸೋಮಶೇಖರನೇ. ಯುಗಾದಿಯ ಆಸುಪಾಸಿನಲ್ಲಿ ಅವನು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ, ಏಳಲಿಲ್ಲ.

ಅಂದು ಪುಷ್ಪಲತಾ ಅಳಲಿಲ್ಲ. ಆಮೇಲೂ ಅಳಲಿಲ್ಲ. ಅತ್ತೆ ಗುರುಬಸಮ್ಮ, "ಒಂದು ಸಲ ಅತ್ತುಬಿಡವ್ವ, ಹಗುರಾಕ್ಕೈತಿ" ಎಂದು ಔಷಧಿ ಹೇಳುವಂತೆ ಹೇಳುತ್ತಿದ್ದಳು. ಪುಷ್ಪಲತಾ ಪ್ರಯತ್ನಪಟ್ಟಳು. ಬರಲಿಲ್ಲ. ಬೆಳಿಗ್ಗೆ ಎದ್ದು ಕುದುರೆಯ ಲದ್ದಿ ಬಾಚುವುದು, ಮೈ ತಿಕ್ಕುವುದು, ನಾಲ್ಕೂ ಗೊರಸು ಎತ್ತಿ ಕೆರೆಯುವುದು, ಹುರುಳಿ ಇಡುವುದು: ಹಲ್ಲುಜ್ಜಿದಷ್ಟೇ ಮನಸ್ಸಿಟ್ಟು ಇಷ್ಟನ್ನೂ ಮಾಡಿದಳು. ಗಂಡನ ಸ್ಕೂಟರ್ ಅಂಗಳದಲ್ಲೇ ನಿಂತಿತ್ತು. ಅವಳಿಗೆ ಓಡಿಸಲು ಬಾರದು. ಅದರ ಕೀಲಿಕೈ ಮಾತ್ರ ಮನೆಯ ಕೀಲಿಕೈಗಳ ಜೊತೆ ಅವಳ ಸೊಂಟದಲ್ಲೇ ಇರುತ್ತಿತ್ತು.

ಹಿಂದಿನ ದಿನ ಗುಡ್ಡದ ಪಕ್ಕದ ಕೆರೆ ಏರಿಯ ಮೇಲೆ ಒಂದು ಜೋಡಿ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುತ್ತಿತ್ತು. ಮದುಮಗ ಕುದುರೆಯ ಪಕ್ಕ ನಿಂತು ದೂರ ದಿಟ್ಟಿಸುತ್ತಿದ್ದ. ಅರುಣಕುಮಾರನ ಡ್ರೋನು ಗುಂಯ್ ಎಂದು ಹೂವಿಯ ಕಿವಿಯ ಹತ್ತಿರಕ್ಕೆ ಇಳಿಯಿತು. ಹೂವಿ ಹಗ್ಗ ಹರಿದುಕೊಂಡು ಕರಡಿ ಕಾಡಿನ ಕಡೆ ಓಡಿತು. ಮದುಮಗ ಕೆರೆಯ ಕಡೆ ಓಡಿದ.

"ಇವತ್ತು ಹೊತ್ತು ಮುಳುಗೋದ್ರಾಗ ಸಿಗಬೇಕು ತಂಗಿ," ಎಂದ ಅರಣ್ಯದ ವಾಚರ್ ಗಾದೆಪ್ಪ. "ಸೀತಾಫಲ ಹಣ್ಣಾಗ್ಯಾವ, ಕರಡಿ ಇಳಿಯಾಕ ಹತ್ಯಾವ. ಚಿರತಿನೂ ಒಂದು ಐತಿ. ನಿನ್ನಿ ರಾತ್ರಿ ಉಳದಿದ್ರ ಅದರ ಪುಣ್ಯ. ಎರಡನೇ ರಾತ್ರಿ ಉಳಿಯಂಗಿಲ್ಲ."

"ಹೌದು," ಎಂದಳು ಪುಷ್ಪಲತಾ. ಸಂತೆಗೆ ಬಸ್ಸು ಎಷ್ಟೊತ್ತಿಗೆ ಎಂಬುದನ್ನು ಕೇಳಿಸಿಕೊಂಡ ಹಾಗೆ.

ತಂಡದ ನಾಲ್ಕನೆಯವನು ಮಾರೇಶ್, ಬ್ಯಾಂಡಿನಲ್ಲಿ ತಾಷಾ ಬಾರಿಸುವವನು. ಕೊರಳಲ್ಲಿ ತಾಷಾ ತೂಗುಹಾಕಿಕೊಂಡೇ ಬಂದಿದ್ದ, ಪುಷ್ಪಲತಾಳೇ ಹೇಳಿಸಿದ್ದಳು. ಹೂವಿಗೆ ಮನುಷ್ಯರ ಕೂಗಿಗಿಂತ ಆ ಚರ್ಮದ ಸದ್ದು ಹೆಚ್ಚು ಗೊತ್ತಿತ್ತು. ಅವನು ಅವಳ ಚೀಲವನ್ನು ಎತ್ತಿ ನೋಡಿದ.

"ಏನೇನು ತುಂಬೀರಿ ಅಕ್ಕಾರ?"

"ಹಗ್ಗ, ಉಪ್ಪಿನ ಗಟ್ಟಿ, ನೆನಸಿದ ಹುರುಳಿ. ಬೇವಿನೆಣ್ಣಿ, ಅರಿಶಿಣ. ಹಳೇ ಸೀರಿ ಪಟ್ಟಿ. ಕೊಕ್ಕಿ."

"ಬಾಣಂತಿನ್ನ ತವರಿಗೆ ಕಳಸಾಕೂ ಇಷ್ಟು ಸಾಮಾನು ಕಟ್ಟಂಗಿಲ್ರಿ."

ಕೊಕ್ಕೆ ಎಂಬ ಮಾತಿಗೆ ಅರುಣಕುಮಾರ್ ತನ್ನ ಬೂಟಿನ ಲೇಸು ನೋಡಿಕೊಂಡ.

ಗುಡ್ಡ ಹತ್ತಿದರು. ತೊಟ್ಟಿಲಗುಡ್ಡವೆಂದರೆ ಮಣ್ಣಿನ ಗುಡ್ಡವಲ್ಲ. ಯಾರೋ ಆಟ ಅರ್ಧಕ್ಕೆ ಬಿಟ್ಟು ಊಟಕ್ಕೆ ಎದ್ದುಹೋದಂತೆ ಬಂಡೆಯ ಮೇಲೆ ಬಂಡೆ, ಅದರ ಮೇಲೆ ಇನ್ನೊಂದು. ಈಗ ಬಿತ್ತು ಆಗ ಬಿತ್ತು ಅನ್ನಿಸುವ ಕಲ್ಲುಗಳು ಯಾವ ಕಾಲದಿಂದಲೋ ಬೀಳದೆ ಕೂತಿದ್ದವು. ಬಂಡೆಗಳ ಸಂದಿಯಲ್ಲಿ ಕಾರೆಮುಳ್ಳು, ಕವಳೆ, ಬಿರಿದ ಸೀತಾಫಲ. ಹಣ್ಣಿನ ಸಿಹಿ ವಾಸನೆಯೊಳಗೆ ಕರಡಿಯ ಹಳೇ ಕಂಬಳಿಯಂಥ ವಾಸನೆಯೂ ಬೆರೆತಿತ್ತು. ಬಿಸಿಲು ಏರಿದಂತೆ ಕಲ್ಲು ಕಾದು, ಕೆಳಗಿನ ಜೋಳದ ಹೊಲಗಳು, ಕೆರೆ, ಹೆದ್ದಾರಿಯ ಲಾರಿಗಳು ಎಲ್ಲ ನಡುಗುವಂತೆ ಕಂಡವು. ಪುಷ್ಪಲತಾ ಒಮ್ಮೆ ತಿರುಗಿ ನೋಡಿದಳು. ಚೆನ್ನಾಗಿದೆ ಎಂದು ಅವಳಿಗೆ ತಿಳಿಯಿತು. ಅನ್ನಿಸಲಿಲ್ಲ.

ಮರಳು ನಿಂತ ಒಂದು ತಗ್ಗಿನಲ್ಲಿ ಗಾದೆಪ್ಪ ಕುಕ್ಕರಗಾಲಲ್ಲಿ ಕೂತ.

"ಮೂರು ಕಾಲು ಗಟ್ಟಿ ಊರೈತಿ. ಮುಂದಿನ ಎಡಗಾಲು ಬರೇ ಮುಟ್ಟಿಸೈತಿ. ಕುಂಟಾಕ ಹತ್ತೈತಿ ತಂಗಿ."

"ಕಲ್ಲು ಸಿಕ್ಕಿರಬೇಕು ಗೊರಸಿನಾಗ," ಎಂದಳು. "ಒಳಗ ಮೆತ್ತಗಿರ್ತೈತಿ. ಅಲ್ಲಿಗೆ ಕಲ್ಲು ಇಳದ್ರ ಕಾಲು ಕೆಡ್ತೈತಿ. ಕಾಲು ಕೆಟ್ರ ಕುದುರೀನ ಇಲ್ಲ."

ಹೆಜ್ಜೆ ಹಿಡಿದು ಹೋದರು. ಒಂದು ಏರಿನ ತುದಿಯಲ್ಲಿ ಮಾರೇಶ್ ಕೈ ತೋರಿಸಿದ. ಆಚೆ ಇಳಿಜಾರಿನಲ್ಲಿ, ಕಮರದ ಗಿಡದ ನೆರಳಲ್ಲಿ, ಬಿಳಿಯ ಚುಕ್ಕೆ. ಬೆನ್ನ ಮೇಲಿನ ಜರಿ ಬಟ್ಟೆ ಫಳಕ್ ಎಂದಿತು.

"ಎಲ್ಲಾರೂ ಕೂತ್ಕೊಳ್ರಿ," ಎಂದ ಗಾದೆಪ್ಪ. "ನಾ ಸುತ್ತುಹಾಕ್ಕೊಂಡು ಹೋಗಿ ಆಚಿ ದಾರಿ ಕಟ್ತೀನಿ. ಯಾರೂ ಮಿಸುಕಬ್ಯಾಡ್ರಿ."

ಅವನು ಬಂಡೆಯ ಹಿಂದೆ ಮರೆಯಾದದ್ದೇ ತಡ, ಅರುಣಕುಮಾರ್ ಡ್ರೋನು ಬಿಚ್ಚಿದ.

"ಅದನ್ನ ಯಾಕ್ರಿ ತೆಗೀತೀರಿ?"

"ಮೇಡಂ, ಮೇಲಿಂದ ನೋಡಿದ್ರೆ ಕುದುರೆ ಯಾವ ಕಡೆ ತಿರುಗೈತಿ ಅಂತ ಗೊತ್ತಾಗ್ತತಿ. ಹತ್ರ ಒಯ್ಯಲ್ಲ, ನನ್ನಾಣೆ."

ಹತ್ತಿರ ಒಯ್ಯಲಿಲ್ಲ. ಒಯ್ಯುವ ಅಗತ್ಯವೇ ಬೀಳಲಿಲ್ಲ. ಗುಂಯ್ ಎಂಬ ಮೊದಲ ಸದ್ದಿಗೇ ಹೂವಿ ತಲೆ ಎತ್ತಿತು. ಕಿವಿ ಹಿಂದಕ್ಕೆ ಮಡಚಿತು. ಮೂರೂವರೆ ಕಾಲಲ್ಲಿ ನೆಗೆಯಿತು. ಕಲ್ಲು ಉರುಳಿದವು. ಜರಿ ಬಟ್ಟೆ ಮುಳ್ಳಿಗೆ ಸಿಕ್ಕಿ ಪರ್ ಎಂದಿತು. ಬಿಳಿಯ ಚುಕ್ಕೆ ಗುಡ್ಡದ ಬೆನ್ನಿನ ಕೊರಕಲಿಗೆ ಇಳಿದು ಹೋಯಿತು.

ಗಾದೆಪ್ಪ ಏದುಸಿರು ಬಿಡುತ್ತ ವಾಪಸು ಬಂದ. ಡ್ರೋನು ನೋಡಿದ. ಅರುಣಕುಮಾರನನ್ನು ನೋಡಿದ.

"ನೀವು ಓದಿದೋರೇನ್ರಿ?"

"ಬಿ.ಕಾಂ.," ಎಂದ ಅರುಣಕುಮಾರ್.

"ಈ ಕಾಡಾಗ ಇದನ್ನ ಹಾರಸಂಗಿಲ್ಲ ಅಂತ ಅದರಾಗ ಬರದಿದ್ದಿಲ್ಲೇನು? ಕುದುರಿ ಈಗ ಗವಿ ಕೊರಕಲಾಗ ಐತಿ. ಕರಡಿ ಮನಿಗೆ ನೆಟ್ಟಗ ಬೀಗರನ್ನ ಕಳಿಸಿದ್ರಿ."

ಕೊರಕಲಿಗೆ ಇಳಿಯುವ ಹೊತ್ತಿಗೆ ಬಿಸಿಲು ವಾಲಿತ್ತು. ಎರಡೂ ಕಡೆ ಆಳೆತ್ತರದ ಬಂಡೆ, ನಡುವೆ ಒಂದು ಗಾಡಿಯಷ್ಟು ದಾರಿ. ಅದರ ಕೊನೆಯಲ್ಲಿ ಕಲ್ಲಿನ ದೊಣೆ, ತಳದಲ್ಲಿ ಸ್ವಲ್ಪ ನೀರು. ಹೂವಿ ಅಲ್ಲಿ ನಿಂತಿತ್ತು. ಮೈಮೇಲೆ ಬೆವರು ಒಣಗಿ ಉಪ್ಪು ಕಟ್ಟಿತ್ತು. ಎಡಗಾಲು ನೆಲ ಮುಟ್ಟಿರಲಿಲ್ಲ.

"ಹಿಂದಿನಿಂದ ಹೋಗಬ್ಯಾಡ್ರಿ. ಎದುರಿಗೂ ನಿಲ್ಲಬ್ಯಾಡ್ರಿ," ಎಂದಳು ಪುಷ್ಪಲತಾ. ಉಪ್ಪಿನ ಗಟ್ಟಿ ಅಂಗೈಯಲ್ಲಿಟ್ಟುಕೊಂಡು, ಎಡಭುಜದ ಕಡೆಯಿಂದ, ಮಾತಾಡುತ್ತ ಹೋದಳು. ಏನು ಮಾತು? ಮನೆಯಲ್ಲಿ ಹಿಟ್ಟು ಮುಗಿದದ್ದು, ಅತ್ತೆಯ ಮೊಣಕಾಲು ನೋವು, ನಲ್ಲಿಯಲ್ಲಿ ನೀರು ಬಾರದ್ದು. ಕುದುರೆಗೆ ಅರ್ಥ ಬೇಕಿಲ್ಲ, ದನಿ ಸಮವಾಗಿದ್ದರೆ ಸಾಕು. ಅವಳ ದನಿ ಯುಗಾದಿಯಿಂದಲೂ ಸಮವಾಗಿಯೇ ಇತ್ತು.

ಹೂವಿ ಉಪ್ಪು ನೆಕ್ಕಿತು. ಅವಳು ಮುಖಕ್ಕೆ ಹಗ್ಗ ತೊಡಿಸಿದಳು, ಭುಜದಿಂದ ಕೈ ಸವರುತ್ತ ಇಳಿದು ಗೊರಸು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಲಾಳದ ಒಳಗಡೆ ಚೂಪು ಕಲ್ಲು ಬೆಣೆಯಂತೆ ಕೂತಿತ್ತು.

"ಕೊಕ್ಕಿ ಕೊಡು ಮಾರೇಶ."

ಮಾರೇಶ್ ಚೀಲದಲ್ಲಿ ಕೈಯಾಡಿಸಿದ. ಚೀಲವನ್ನೇ ಬೋರಲು ಹಾಕಿದ. ಹುರುಳಿ ಬಿತ್ತು, ಎಣ್ಣೆ ಬಾಟಲಿ ಬಿತ್ತು, ಎರಡು ಬ್ಯಾಟರಿ ಬಿದ್ದವು.

ಎಲ್ಲರೂ ಬ್ಯಾಟರಿ ನೋಡಿದರು.

"ಜೀಪಿನಾಗ ಐತ್ರಿ," ಎಂದ ಅರುಣಕುಮಾರ್, ಕೇಳಿಸದಷ್ಟು ಸಣ್ಣಗೆ. "ಇಷ್ಟುದ್ದದ ಕಬ್ಬಿಣ, ಅದೇನು ಬೇಕಾಗ್ತತಿ ಅನ್ಕಂಡೆ."

ತಾಷಾದ ಬಿದಿರು ಕಡ್ಡಿ ತೂರಿಸಿದಳು. ಮುರಿಯಿತು. ಬೆರಳು ಹಾಕಿದಳು, ಉಗುರು ಎದ್ದಿತು. ಚಾಕು ಕೊಡಲು ಬಂದ ಗಾದೆಪ್ಪನಿಗೆ ತಲೆಯಾಡಿಸಿದಳು: ಕುದುರೆ ಕಾಲು ಕೊಡವಿದರೆ ಮೆತ್ತನೆ ಭಾಗ ಸೀಳಿಹೋಗುತ್ತದೆ. ಆಮೇಲೆ ಸೊಂಟಕ್ಕೆ ಕೈ ಹಾಕಿದಳು. ಕೀಲಿಕೈಗಳ ಗೊಂಚಲಿನಲ್ಲಿ ಉದ್ದವಾದದ್ದು, ಗಟ್ಟಿಯಾದದ್ದು ಒಂದೇ, ಸ್ಕೂಟರಿನದು.

ಅದನ್ನು ಸೆರಗಿಗೆ ಒರೆಸಿದಳು.

ಹಿಮ್ಮಡಿಯ ಕಡೆಯಿಂದ ಮುಂದಕ್ಕೆ, ಒಳಗಿಂದ ಹೊರಕ್ಕೆ, ಮೀಟಿದಳು. ಕಲ್ಲು ಅಲ್ಲಾಡಿತು. ಇನ್ನೊಮ್ಮೆ. ಕೀಲಿಕೈ ಬಾಗಿತು. ಕಲ್ಲು ಟಣ್ ಎಂದು ದೊಣೆಗೆ ಬಿತ್ತು. ಅರಿಶಿನ ಕಲಸಿದ ಬೇವಿನೆಣ್ಣೆ ಸುರಿದು, ಸೀರೆಯ ಪಟ್ಟಿ ಸುತ್ತಿ ಗೊರಸನ್ನು ಕೆಳಗಿಟ್ಟಳು. ಡೊಂಕಾದ ಕೀಲಿಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಈಗ ಹೂವಿ ನಡೆಯಬೇಕಿತ್ತು. ನಡೆಯಲಿಲ್ಲ. ಹುರುಳಿ ತೋರಿಸಿದರೂ, ಎಳೆದರೂ, ಬೈದರೂ ನಡೆಯಲಿಲ್ಲ.

"ಬಾರಸು ಮಾರೇಶ," ಎಂದಳು ಪುಷ್ಪಲತಾ.

ಉಳಿದ ಒಂದೇ ಕಡ್ಡಿಯಲ್ಲಿ ಮಾರೇಶ್ ಮೆರವಣಿಗೆಯ ಬಡಿತ ಎತ್ತಿದ. ಹೂವಿಯ ಕಿವಿ ನಿಮಿರಿದವು. ಕತ್ತು ಬಾಗಿತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ನಿಂತಿತು.

"ಯಾಕ ನಿಂತಿತು?" ಎಂದ ಗಾದೆಪ್ಪ.

"ಮುಂದ ಕುಣಿಯೋರು ಬೇಕು ಅದಕ್ಕ. ಹಂಗ ಕಲಿಸ್ಯಾರ ನಮ್ಮನಿಯವರು."

ಎಲ್ಲರೂ ಅರುಣಕುಮಾರನ ಕಡೆ ತಿರುಗಿದರು. ಅವನು ಮುಂದೆ ಹೋಗಿ ಕುಣಿಯತೊಡಗಿದ.

ಹೀಗೆ ಮದುಮಗನಿಲ್ಲದ ಮೆರವಣಿಗೆ ಕರಡಿಯ ಕೊರಕಲಿನಲ್ಲಿ ಹೊರಟಿತು. ಮೆರವಣಿಗೆಯನ್ನು ಅವಸರಪಡಿಸಲು ಈ ಸೀಮೆಯಲ್ಲಿ ಇಂದಿನವರೆಗೆ ಯಾರಿಂದಲೂ ಆಗಿಲ್ಲ. ಸೂರ್ಯ ತನ್ನ ಪಾಡಿಗೆ ಇಳಿಯುತ್ತಿದ್ದ.

ಕೊರಕಲಿನ ಬಾಯಿಯಲ್ಲಿ ಕರಡಿ ನಿಂತಿತ್ತು.

ಬೆನ್ನ ಮೇಲೆ ಮರಿ. ಎದೆಯ ಮೇಲೆ ಬಿಳಿ ಪಟ್ಟೆ. ಮೂಗು ಎತ್ತಿ ಗಾಳಿ ಹೀರುತ್ತಿತ್ತು.

ಅರುಣಕುಮಾರ್ ಒಂದು ಕಾಲು ಎತ್ತಿದವನು ಹಾಗೇ ನಿಂತ. ತಾಷಾ ನಿಂತಿತು. ಹೂವಿ ನಡುಗಿತು.

"ಓಡಬ್ಯಾಡ್ರಿ," ಎಂದ ಗಾದೆಪ್ಪ ಪಿಸುಮಾತಿನಲ್ಲಿ. "ಸಪ್ಪಳ ಬೇಕು. ಮಾರೇಶಾ, ಬಾರಸಲೇ."

"ಕೈ ಜೋಮು ಹಿಡದಾವ," ಎಂದ ಮಾರೇಶ್. "ಏಳವಲ್ಲವು ಅಕ್ಕಾರ."

"ನನಗ ಯುಗಾದಿಯಿಂದ ಹಿಡದೈತಿ," ಎಂದಳು ಪುಷ್ಪಲತಾ. "ಆದ್ರೂ ದಿನಾ ಗೊರಸು ಕೆರದೀನಿ. ಬಾರಸು."

ಮಾರೇಶ್ ಅವಳನ್ನು ನೋಡಿದ. ಕಡ್ಡಿ ಒಮ್ಮೆ ತಪ್ಪಾಗಿ ಬಿತ್ತು. ಆಮೇಲೆ ಸರಿಯಾಗಿ ಬಿತ್ತು.

ತಾಷಾದ ಸದ್ದು ಬಂಡೆಗೆ ಬಡಿದು ಎರಡಾಯಿತು, ನಾಲ್ಕಾಯಿತು. ಗಾದೆಪ್ಪ ಕೋಲನ್ನು ಕಲ್ಲಿಗೆ ಕುಟ್ಟಿದ. ಹೂವಿ ಕತ್ತು ಬಾಗಿಸಿ ಮುಂದಡಿಯಿಟ್ಟಿತು. ಅರುಣಕುಮಾರನಿಗೆ ಹಿಂದೆ ಕುದುರೆ, ಮುಂದೆ ಕರಡಿ. ಅವನು ಜನ್ಮದಲ್ಲಿ ಕುಣಿಯದ ಹಾಗೆ ಕುಣಿದ.

ಕರಡಿ ಹಿಂಗಾಲ ಮೇಲೆ ಎದ್ದಿತು.

ಪುಷ್ಪಲತಾ ಹಗ್ಗವನ್ನು ಬಿಗಿಯಾಗಿ ಹಿಡಿಯಲಿಲ್ಲ, ಸಡಿಲವೂ ಬಿಡಲಿಲ್ಲ. ಕುದುರೆಯ ಕುತ್ತಿಗೆಯ ಮೇಲೆ ಕೈಯಿಟ್ಟಳು. ಒಳಗಡೆ ಎದೆ ಹೊಡೆದುಕೊಳ್ಳುವುದು ತಿಳಿಯಿತು. ಅದು ಕುದುರೆಯದೋ ತನ್ನದೋ ಎಂದು ಒಂದು ಕ್ಷಣ ಗೊತ್ತಾಗಲಿಲ್ಲ.

ಕರಡಿ ಈ ಬಗೆಯ ಜನರನ್ನು ಹಿಂದೆ ಕಂಡಿರಲಿಲ್ಲ. ಮತ್ತೊಮ್ಮೆ ಮೂಗು ಎಳೆದು, ಮರಿಯನ್ನು ಹೊತ್ತುಕೊಂಡೇ ಬಂಡೆಯ ಪಕ್ಕಕ್ಕೆ ಜಾರಿ, ಸೀತಾಫಲದ ಪೊದೆಯೊಳಗೆ ಹೋಯಿತು.

ಜೀಪು ತಲುಪುವವರೆಗೆ ಮಾರೇಶ್ ಬಡಿತ ನಿಲ್ಲಿಸಲಿಲ್ಲ. ಬುಡದಲ್ಲಿ ಸೌದೆ ಹೊತ್ತ ತಿಪ್ಪೇರುದ್ರಮ್ಮ ಎಂಬ ಮುದುಕಿ ದಾರಿ ಬಿಟ್ಟು ನಿಂತಳು.

"ಮದುಮಗ ಎಲ್ಯಪ್ಪ?"

"ಹಿಂದ ಅದಾನ," ಎಂದ ಗಾದೆಪ್ಪ. "ಮಗೂನ ಎತ್ಕೊಂಡು ನಿಂತಾನ."

ಅರುಣಕುಮಾರ್ ಸೀಟಿನ ಕೆಳಗೆ ತಡಕಾಡಿ ಕೊಕ್ಕೆಯನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಪುಷ್ಪಲತಾ ಚೀಲದೊಳಗೆ ಹಾಕಿಕೊಂಡಳು.

"ನೀವು ಚಲೋ ಕುಣಿತೀರಿ," ಎಂದಳು.

ಮನೆಯಲ್ಲಿ ಗುರುಬಸಮ್ಮ ಬಾಗಿಲಲ್ಲೇ ಕೇಳಿದಳು: "ಸಿಕ್ತೇನವ್ವ?"

"ಸಿಕ್ತು ಅತ್ತಿ."

ಕೊಕ್ಕೆಯನ್ನು ಮೊಳೆಗೆ ತೂಗುಹಾಕಿದಳು. ಡೊಂಕಾದ ಕೀಲಿಕೈಯನ್ನು ಗೊಂಚಲಿನಿಂದ ಬಿಡಿಸಿ ಅದರ ಪಕ್ಕಕ್ಕೇ ಸಿಕ್ಕಿಸಿದಳು. ಆಮೇಲೆ ಹುರುಳಿ ನೆನೆಹಾಕಲು ಹೋದಳು.

ಹೂವಿ ಕೆಲವು ದಿನ ಕುಂಟಿತು. ಆಮೇಲೆ ಕುಂಟಲಿಲ್ಲ.