ಕೊಕ್ಕರೆಯ ಉಸಿರು

ವಾಕಿಟಾಕಿಯಲ್ಲಿ ಅವನ ದನಿ ಕೇಳಿದಾಗ, ಇವನು ಕುಡಿದು ಬಂದಿದ್ದಾನೆ ಅಂತಲೇ ಅವಳು ಮೊದಲು ಅಂದುಕೊಂಡಳು.

ಏಳುತ್ತಿದ್ದ ಕಟ್ಟಡದ ನೆತ್ತಿಯ ಮೇಲೆ, ಕ್ರೇನಿನ ಗಾಜಿನ ಗೂಡಿನಲ್ಲಿ ಅವನು. ಕೆಳಗೆ ಕಬ್ಬಿಣದ ರಾಶಿಯ ಪಕ್ಕ ನಿಂತು ಏರಿಸು, ಇಳಿಸು, ನಿಲ್ಲಿಸು ಎನ್ನುವವಳು ಅವಳು. ಅವನದು ಉದ್ದ ಕತ್ತು, ದಿನವಿಡೀ ಎತ್ತರದಲ್ಲೇ ವಾಸ, ಹಾಗಾಗಿ ಕೆಲಸದವರು ಅವನಿಗೆ ಕೊಕ್ಕರೆ ಎಂದು ಹೆಸರಿಟ್ಟಿದ್ದರು. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಅವಳ ಹೆಸರೂ ಸೀಟಿ ಎಂದೇ ಆಗಿಹೋಗಿತ್ತು.

“ಗಂಟಲಿಗೆ ಏನು ಸುರ್ಕೊಂಡ್ಯೋ?”

“ನೀರು ಕಣೇ. ಶೀತ ಆಗಿದೆ.”

ಶೀತ ವಾರಗಟ್ಟಲೆ ಹೋಗಲಿಲ್ಲ. ದನಿ ಮಾತ್ರ ಮರಳುಕಾಗದ ಉಜ್ಜಿದ ಹಾಗೆ ಒರಟಾಗುತ್ತ ಹೋಯಿತು. ಕೊನೆಗೆ ಅವಳೇ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ. ವಿಕಿರಣ ಚಿಕಿತ್ಸೆ ಫಲಿಸಿದರೆ ಜೀವವೂ ದನಿಯೂ ಉಳಿಯುತ್ತವೆ, ಇಲ್ಲದಿದ್ದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು ಎಂದರು ಡಾಕ್ಟರಮ್ಮ. ಅವತ್ತೇ ಅವನು ಸಿಗರೇಟು ಬಿಟ್ಟೆ ಎಂದು ಅವಳ ಕೈ ಮುಟ್ಟಿ ಹೇಳಿದ.

ಅವಳು ಮಧ್ಯಾಹ್ನದ ಪಾಳಿ ಕೇಳಿ ಪಡೆದು ದಿನಾ ಬೆಳಿಗ್ಗೆ ಅವನ ಜೊತೆ ಚಿಕಿತ್ಸೆಗೆ ಹೋಗತೊಡಗಿದಳು.

“ಅವನು ನಿನಗೆ ಏನಾಗ್ಬೇಕು?” ಬಟ್ಟೆ ಮಡಿಸುತ್ತ ಅಕ್ಕ ಕೇಳಿದಳು.

“ಜೊತೆ ಕೆಲಸದವನು.”

“ನನಗೂ ಇದ್ದಾರಪ್ಪ ಜೊತೆ ಕೆಲಸದವರು. ಯಾರಿಗೂ ನಾನು ಬೆಳಗಾಗೆದ್ದು ಮೆತ್ತಗೆ ಬೇಯಿಸಿ ಡಬ್ಬಿ ಕಟ್ಟಲ್ಲ.”

ಅವಳು ಡಬ್ಬಿಯ ಮುಚ್ಚಳವನ್ನು ಬೇಕೆಂದೇ ಜೋರಾಗಿ ಒತ್ತಿದಳು.

ಆಸ್ಪತ್ರೆಯ ಬೆಂಚಿನ ಮೇಲೆ ಅವನು ಅವಳನ್ನೇ ನೋಡುತ್ತ ಕೂರುತ್ತಿದ್ದ. ಅವಳು ತಿರುಗಿದರೆ ಗೋಡೆ ಗಡಿಯಾರ ನೋಡುತ್ತಿದ್ದ.

“ಏನು?”

“ಮೇಲಿಂದ ನಿನ್ನ ಹೆಲ್ಮೆಟ್ ಒಂದೇ ಕಾಣೋದು. ಮೂಗಿನ ಪಕ್ಕ ಮಚ್ಚೆ ಇದೆ ಅಂತ ಈಗ ಗೊತ್ತಾಯ್ತು.”

“ಮಾತಾಡ್ಬೇಡ ಅಂದಿದ್ದಾರೆ ನಿನಗೆ,” ಎಂದಳು. ಕಿವಿ ಬಿಸಿಯಾಗಿತ್ತು.

ಮೂರನೇ ವಾರ ಡಾಕ್ಟರಮ್ಮ ಪುಟ್ಟ ಯಂತ್ರವೊಂದನ್ನು ಅವನ ಮುಂದೆ ಹಿಡಿದು ಊದಿ ಎಂದರು. ಅವನು ಹಿಂದೆಮುಂದೆ ನೋಡಿ ಊದಿದ. ಅಂಕಿ ಏರುತ್ತಲೇ ಹೋಯಿತು.

“ಸಿಗರೇಟು ಬಿಟ್ಟಿಲ್ಲ ನೀವು.”

ಅವನು ತಲೆ ತಗ್ಗಿಸಿದ.

“ಬೈಯೋಕಲ್ಲ, ಅರ್ಥ ಆಗ್ಲಿ ಅಂತ ಹೇಳ್ತೀನಿ,” ಡಾಕ್ಟರಮ್ಮ ಅವಳ ಕಡೆಗೂ ತಿರುಗಿದರು. “ಕಿರಣ ಗಡ್ಡೆಯ ಜೀವಕೋಶಗಳನ್ನ ಒಳಗಿಂದ ಮುರಿಯುತ್ತೆ. ಆ ಮುರಿತ ಹಾಗೇ ಉಳೀಬೇಕಂದ್ರೆ ಅಲ್ಲಿ ಆಮ್ಲಜನಕ ಇರ್ಬೇಕು. ಇಲ್ಲದಿದ್ರೆ ಅವು ರಿಪೇರಿ ಮಾಡ್ಕೊಂಡು ಎದ್ದು ಕೂರ್ತವೆ. ಗಡ್ಡೆಯ ಒಳಗೆ ಮೊದಲೇ ರಕ್ತ ಸರಿಯಾಗಿ ಹರಿಯಲ್ಲ, ಆಮ್ಲಜನಕಕ್ಕೆ ಬರ. ಅದರ ಮೇಲೆ ಸಿಗರೇಟಿನ ಹೊಗೆ ಬೇರೆ. ಅದರಲ್ಲಿರೋ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕ ಕೂರೋ ಜಾಗಕ್ಕೆ ಟವೆಲ್ ಹಾಕ್ಬಿಡುತ್ತೆ. ನಾವು ಕೊಡೋ ಕಿರಣ ಅರ್ಧಂಬರ್ಧ ಕೆಲಸ ಮಾಡುತ್ತೆ.”

“ಅಂದ್ರೆ ಇಷ್ಟು ದಿನ ಕೊಟ್ಟಿದ್ದು?” ಅವಳು ಕೇಳಿದಳು.

“ಪೂರ್ತಿ ದಂಡ ಅಲ್ಲ. ಇವತ್ತಿಂದ ಬಿಟ್ರೂ ಲಾಭ ಇದೆ.”

ಹೊರಗೆ ವಾಹನ ನಿಲ್ಲಿಸುವ ಜಾಗಕ್ಕೆ ಬಂದದ್ದೇ ಅವಳು ಸಿಡಿದಳು.

“ಎಲ್ಲಿ ಸೇದ್ತಿದ್ದೆ?”

“ಇಲ್ಲೇ. ಜನರೇಟರ್ ಹಿಂದೆ. ಒಳಗೆ ಹೋಗೋಕೆ ಮುಂಚೆ ಒಂದೇ ಒಂದು.”

“ನಾನು ಅಲ್ಲಿ ಬೆಂಚಿನ ಮೇಲೆ ದೇವರಿಗೆ ಕೈ ಮುಗೀತಾ ಕೂತಿರ್ತೀನಿ. ನೀನು ಇಲ್ಲಿ ಗಡ್ಡೆಗೆ ಕಾವಲು ಕೂರ್ತೀಯ!”

“ಕಿರಣ ಕೊಡುವಾಗ ತಲೆ ಅಲ್ಲಾಡಬಾರದು ಅಂತ ಮುಖವಾಡ ಹಾಕಿ ಮೇಜಿಗೆ ಬಿಗೀತಾರೆ ಕಣೇ.” ಅವನು ತನ್ನ ಅಂಗೈ ನೋಡಿಕೊಂಡ. “ಅಷ್ಟು ಎತ್ತರದಲ್ಲಿ ಗಾಳಿ ಬೀಸಿದ್ರೂ ನಡುಗದ ಕೈ ಇದು. ಅಲ್ಲಿ ನಡುಗುತ್ತೆ. ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕ್ತಾರೆ. ಉಸಿರು ಕಟ್ಟುತ್ತೆ.”

“ಹೇಳ್ಬಾರದಾಗಿತ್ತಾ?”

“ನೀನು ಜೊತೆಗೆ ಬರೋದೇ ಹೆಚ್ಚು. ಇದನ್ನೂ ಹೇಳಿ…”

ಅವಳಿಗೆ ಅವನನ್ನು ಹಿಡಿದು ಅಲ್ಲಾಡಿಸಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಅವನ ಜೇಬಿಗೆ ಕೈ ಹಾಕಿ ಸಿಗರೇಟು ಪ್ಯಾಕು ಕಿತ್ತು ಕಸದ ಡಬ್ಬಿಗೆ ಎಸೆದಳು.

ಮರುದಿನ ಕಿರಣದ ಯಂತ್ರ ನಡೆಸುವ ಹುಡುಗಿಯ ಹತ್ತಿರ ಹೋಗಿ ಕೇಳಿದಳು, “ಒಳಗಿರೋರಿಗೆ ನಮ್ಮ ಮಾತು ಕೇಳಿಸುತ್ತಾ?”

“ಮೈಕ್ ಇದೆಯಲ್ಲ. ಡಾಕ್ಟ್ರನ್ನ ಕೇಳಿ ಬರ್ತೀನಿ ಇರಿ.”

ಡಾಕ್ಟರಮ್ಮ ಒಪ್ಪಿದರು. ಪರದೆಯ ಮೇಲೆ ಬಿಳಿ ಬಲೆಯ ಮುಖವಾಡದಡಿ ಅವನು ಮಲಗಿದ್ದ. ಬೆರಳುಗಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಅವಳು ಮೈಕಿಗೆ ಬಾಗಿದಳು. ಸಮಾಧಾನದ ಮಾತಾಡಬೇಕೆಂದುಕೊಂಡು ಬಂದಿದ್ದಳು. ಬಂದದ್ದು ಬೈಗುಳ.

“ಲೋ ಕೊಕ್ಕರೆ. ಇಲ್ಲೇ ಇದ್ದೀನಿ. ಮೆಲ್ಲಗೆ ಉಸಿರಾಡು. ನಿನ್ನ ಜಾಗಕ್ಕೆ ಬಂದಿರೋನು ನಿನ್ನೆ ಕಬ್ಬಿಣದ ಕಟ್ಟನ್ನ ಸಿಮೆಂಟ್ ಚೀಲದ ಮೇಲಿಟ್ಟ. ನಾನು ಏರಿಸು ಅಂದ್ರೆ ಯಾಕೆ ಅಂತಾನೆ. ಮೂರು ವರ್ಷದಿಂದ ಬೆಳಿಗ್ಗೆ ಕೆಲಸಕ್ಕೆ ಬಂದ್ರೆ ಮೊದಲು ಕೇಳೋ ದನಿ ನಿನ್ನದು. ಬೇರೆ ದನಿ ಬೇಡ ನನಗೆ. ಆಪರೇಷನ್ ಆಗಿ ಅದು ಹೋದ್ರೂ ಪರವಾಗಿಲ್ಲ, ನೀನು ಬೇಕು. ಆದ್ರೆ ಸಿಗರೇಟು ಸೇದಿ ಸೇದಿ ಹಾಳು ಮಾಡ್ಕೊಂಡ್ಯೋ, ನಾನೇ ಸಾಯಿಸ್ತೀನಿ. ನೀನಂದ್ರೆ ಪ್ರಾಣ ಕಣೋ, ದಡ್ಡ ಮುಂಡೇದೆ!”

ಒಳಗೆ ಅವನ ಭುಜ ಕುಲುಕಿತು.

“ಅಲ್ಲಾಡ್ಬೇಡಿ!” ಹುಡುಗಿ ಮೈಕ್ ಕಿತ್ತುಕೊಂಡಳು. “ಅಕ್ಕಾ, ಪ್ರೀತಿ ಹೇಳಿ, ಸ್ವಲ್ಪ ಕಮ್ಮಿ ನಗಿಸಿ.”

ಆವತ್ತಿನಿಂದ ಅವನು ಸಿಗರೇಟು ಮುಟ್ಟಲಿಲ್ಲ. ಸಿಡುಕಿದ, ಬೆವರಿದ, ಒಮ್ಮೆ ಊಟದ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿದ. ಆಮೇಲೆ ತಾನೇ ಎತ್ತಿಕೊಂಡು ಬಂದು ಕ್ಷಮೆ ಕೇಳುವಂತೆ ಪೂರ್ತಿ ತಿಂದ. ಪುಟ್ಟ ಯಂತ್ರದ ಅಂಕಿ ಇಳಿಯಿತು. ಆದರೆ ಮೈಕಿನ ಮಾತಿಗೆ ಉತ್ತರ ಬರಲಿಲ್ಲ. ಚಿಕಿತ್ಸೆಯ ಕೊನೆಯ ದಿನ ಅವಳೇ ಕೇಳಿದಳು. ಗಂಟಲು ಸುಟ್ಟು ಪಿಸುಮಾತಷ್ಟೇ ಉಳಿದಿದ್ದ ಅವನು ಹೇಳಿದ, “ರಿಪೋರ್ಟ್ ಬರ್ಲಿ.”

ರಿಪೋರ್ಟಿಗೆ ಇನ್ನೂ ಮೂರು ತಿಂಗಳು! ಅವಳು ಹಲ್ಲು ಕಚ್ಚಿ ಕಾದಳು. ಕೆಲಸದ ಜಾಗದಲ್ಲಿ ಸೀಟಿ ಊದುವಾಗಲೆಲ್ಲ ಅವನನ್ನೇ ಬೈದಂತೆ ಊದಿದಳು.

ಗಂಟಲಿಗೆ ಕ್ಯಾಮೆರಾ ಹಾಕಿ ನೋಡುವ ದಿನ ಬಂತು. ಡಾಕ್ಟರಮ್ಮನ ಬಾಗಿಲ ಮುಂದೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ. ಅವಳು ಎದುರಿಗೆ ಬಂದು ನಿಂತಳು.

“ಕೇಳೋದಿದ್ರೆ ಈಗ ಕೇಳು. ಒಳಗೆ ಹೋಗಿ ಒಳ್ಳೆ ಸುದ್ದಿ ತಿಳಿದ್ಮೇಲೆ ಕೇಳಿದ್ರೆ ಇಲ್ಲ ಅಂತೀನಿ.”

“ಅದ್ಯಾಕೆ?”

“ಕೆಟ್ಟ ಸುದ್ದಿ ಆಗಿದ್ರೆ ಕೇಳ್ತಾ ಇರ್ಲಿಲ್ಲ ನೀನು. ನನ್ನನ್ನ ಬಿಟ್ಟು ಒಬ್ಬನೇ ಹೋಗಿ ಅನುಭವಿಸ್ತಿದ್ದೆ. ಅಂಥ ಗಂಡ ನನಗೆ ಬೇಡ.”

“ನಿನಗೆ ಕಷ್ಟ ಬೇಡ ಅಂತ…”

“ನನ್ನ ಕಷ್ಟ ನಾನು ಆರಿಸ್ಕೋತೀನಿ.”

ಒಳಗಿಂದ ಅವನ ಸರದಿ ಕೂಗಿದರು. ಅವನು ಎದ್ದ. ಬಾಗಿಲವರೆಗೆ ಹೋದವನು ಹಿಂದಿರುಗಿ ಬಂದು ಅವಳ ಮುಂದೆ ಬೆಂಚಿನ ಮೇಲೆ ಧಪ್ಪನೆ ಕೂತ. ಮತ್ತೊಮ್ಮೆ ಕೂಗಿದರು.

“ಇರಿ ಮೇಡಮ್, ಬಂದೆ,” ಎಂದ ಒಡಕು ದನಿಯಲ್ಲಿ, ಅವಳ ಮುಖದಿಂದ ಕಣ್ಣು ತೆಗೆಯದೆ. “ಒಳಗೆ ಏನಂತಾರೋ ಗೊತ್ತಿಲ್ಲ. ಹೆದರಿಕೆ ಆಗ್ತಿದೆ. ನನ್ನ ಮದುವೆ ಆಗ್ತೀಯಾ?”

“ಹೂಂ,” ಎಂದಳು. ಇಷ್ಟು ದಿನ ಉರಿಸಿದ ಕೋಪಕ್ಕೆ ಅವನ ತೋಳಿಗೊಂದು ಏಟೂ ಹಾಕಿದಳು.

ಒಳಗೆ ಕ್ಯಾಮೆರಾ ಹಾಕಿ ನೋಡಿದಾಗ ಗಡ್ಡೆ ಕಾಣಲಿಲ್ಲ. ವರ್ಷಗಟ್ಟಲೆ ಬಂದು ತೋರಿಸುತ್ತಿರಬೇಕು, ಸಿಗರೇಟಿನ ಹತ್ತಿರವೂ ಸುಳಿಯಕೂಡದು ಎಂದರು ಡಾಕ್ಟರಮ್ಮ. ಅವನು ತಲೆಯಾಡಿಸುತ್ತಲೇ ಇದ್ದ. ಮೇಜಿನ ಕೆಳಗೆ ಅವನ ಕೈ ಅವಳ ಕೈಯಲ್ಲಿತ್ತು. ಅದಿನ್ನೂ ನಡುಗುತ್ತಿತ್ತು, ಅದನ್ನು ಅಡಗಿಸಲು ಈ ಸಲ ಅವನು ಹೋಗಲಿಲ್ಲ.